ದೆವ್ವದ ಸಾಲು

“ಮೊದಲ ಪೆಟ್ಟು ಎಲ್ಲಿಗೆ ಹೋಯಿತು?”

ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಅವನೊಬ್ಬನೇ ಇದ್ದ. ಒಲೆಯ ಮೇಲಿನ ನೀರು ಇನ್ನೂ ಸದ್ದು ಮಾಡುವ ಮನಸ್ಸು ಮಾಡಿರಲಿಲ್ಲ. ಕಿಟಕಿಯ ಹಲಗೆಯ ಮೇಲಿದ್ದ ಅಂಗೈಯಗಲದ ಸ್ಪೀಕರಿನಿಂದ ದ್ವೀಪದ ಕಡೆಯ ಆ ಹಳೆಯ ರೆಗೆ ಹಾಡು, ಮೂರು ವಾರಗಳಿಂದ ಪ್ರತಿ ಬೆಳಿಗ್ಗೆ ಬರುತ್ತಿದ್ದಂತೆ, ಮೈಮುರಿಯುತ್ತ ಬರುತ್ತಿತ್ತು. ಉಳಿದ ಹಾಡುಗಳು ಒಂದು, ಎರಡು, ಮೂರು, ನಾಲ್ಕು ಎಂದು ನಡೆಯುವಾಗ ಒಂದರ ಮೇಲೆ ಕಾಲೂರುತ್ತವೆ. ಇದು ಒಂದರ ಜಾಗ ಬಂದಾಗ ಕಾಲೆತ್ತಿ ಸುಮ್ಮನಾಗಿಬಿಡುತ್ತದೆ. ಅದು ಡ್ರಮ್ ಬಾರಿಸುವವನ ಮರೆವೂ ಅಲ್ಲ, ಸೋಮಾರಿತನವೂ ಅಲ್ಲ. ಬೇಕೆಂದೇ ಆ ಜಾಗವನ್ನು ಖಾಲಿ ಬಿಟ್ಟು, ಮೂರನೆಯದರ ಮೇಲೆ ಇಡೀ ಮೈಭಾರ ಹಾಕಿ ಕೂರುತ್ತಾನೆ. ಅಡುಗೆಮನೆಯಲ್ಲಿದ್ದವನು ಬಲಗೈ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತ ಎಣಿಸಿದ. ಹಾಗೆ ಎಣಿಸುವುದನ್ನು ಕಲಿಸಿದ್ದು ಅಮ್ಮ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಮೆಟ್ಟಿಲಿಳಿಯುವಾಗ ಅಮ್ಮ ದೇವರ ಪದ್ಯಗಳನ್ನು ಹೇಳುತ್ತಿದ್ದಳು. ಅವು ಪುಸ್ತಕದವಲ್ಲ, ಅವಳ ಅಮ್ಮನ ಬಾಯಿಂದ ಅವಳ ಬಾಯಿಗೆ ಬಂದವು. ಹೇಳುವಾಗ ಪ್ರತಿ ಸಾಲಿನ ನಡುವೆ ಒಂದು ಕಡೆ ನಿಲ್ಲುತ್ತಿದ್ದಳು. ಯತಿ. ಅಲ್ಲಿ ಅವನು ಅವಸರಪಟ್ಟು ಮುಂದಿನ ಪದ ಹೇಳಿದರೆ ಒದ್ದೆ ಕೈಯಿಂದಲೇ ತಲೆಗೆ ಮೊಟಕುತ್ತಿದ್ದಳು. “ಅಲ್ಲಿ ನೀನು ಬಾಯಿ ಹಾಕೋ ಹಾಗಿಲ್ಲ ಕಣೋ. ಅದು ಕೇಳಿಸಿಕೊಳ್ಳೋನ ಜಾಗ.” ಕೇಳಿಸಿಕೊಳ್ಳುವವನು ಎಂದರೆ ಅವಳಿಗೆ ದೇವರು. ಅವನಿಗೂ, ಐವತ್ತೇಳರ ಈ ವಯಸ್ಸಿನಲ್ಲೂ, ದೇವರೇ. ಅದನ್ನು ಅವನು ಸ್ಟುಡಿಯೋದಲ್ಲಿ ಯಾರಿಗೂ ಹೇಳಿದವನಲ್ಲ. ಹೇಳದೆಯೂ ಅಲ್ಲಿನವರು ಏನೋ ಮೂಸಿ ಹಿಡಿದಿದ್ದರು. ಅವನಿಗೆ ಕಿವಿಯಣ್ಣ ಎಂದು ಹೆಸರಿಟ್ಟಿದ್ದರು. ಬಾಯಿಗಿಂತ ಕಿವಿ ದೊಡ್ಡದು ಎಂಬ ತಮಾಷೆ ಅದರಲ್ಲಿತ್ತು, ಸ್ವಲ್ಪ ಹೆದರಿಕೆಯೂ ಇತ್ತು. ಬೇರೆ ಭಾಷೆಯ ಇನ್ನೂರಕ್ಕೂ ಹೆಚ್ಚು ಹಾಡುಗಳಿಗೆ ಅವನು ತನ್ನ ಮನೆಮಾತಾದ ಫ್ರೆಂಚಿನ ಮಾತು ತೊಡಿಸಿದ್ದ. ಒಂದಾದರೂ ಅಂಗಿ ಬಿಗಿಯಾಯಿತೆಂದಾಗಲಿ ಸಡಿಲವಾಯಿತೆಂದಾಗಲಿ ವಾಪಸು ಬಂದಿರಲಿಲ್ಲ.

ಈ ಹಾಡನ್ನು ಹಾಡಿದವನು ದೂರದ ಒಂದು ದ್ವೀಪದ ಮನುಷ್ಯ, ತೀರಿಹೋಗಿ ಬಹಳ ಕಾಲವಾಗಿತ್ತು. ದ್ವೀಪದ ಇಂಗ್ಲಿಷಿನಲ್ಲಿ ಅವನು ಹೇಳುತ್ತಿದ್ದದ್ದು ಇಷ್ಟೇ: ನಾನಿಲ್ಲದಾಗ ನನ್ನ ಹಿತ್ತಿಲಿಗೆ ಬೇಲಿ ಹಾಕಿಸಿ ಗೇಟು ನಿಲ್ಲಿಸಿದ್ದೀರಿ, ಬೆಳಗಿನಿಂದ ಗೇಟಿನ ಹೊರಗೆ ನಿಂತಿದ್ದೇನೆ, ನೀವು ತೆಗೆದರೂ ಸರಿ, ತೆಗೆಯದಿದ್ದರೂ ಸರಿ, ನಾನು ಒಳಗೆ ಬಂದೇ ಬರುತ್ತೇನೆ. ಕೋಪದ ಮಾತು, ಆದರೆ ನಗುತ್ತ ಹೇಳಿದ್ದು. ಬರುವುದು ಖಚಿತ ಎಂದು ತಿಳಿದವನಿಗೆ ಮಾತ್ರ ಬರುವ ನಗು ಅದು. ರೆಕಾರ್ಡಿಂಗ್ ಕಂಪನಿಯ ಮ್ಯಾನೇಜರಿಗೆ ಅದನ್ನು ನಿಧಾನಗತಿಯ ಫ್ರೆಂಚ್ ಪ್ರೇಮಗೀತೆ ಮಾಡಬೇಕಿತ್ತು: ಪಿಯಾನೊ, ಪಿಟೀಲುಗಳು, ಒಂದು ಹೆಣ್ಣುದನಿ. “ಈ ಬೇಲಿ, ಹಿತ್ತಿಲು, ಗೇಟು ಗೀಟು ಎಲ್ಲ ಬೇಡ,” ಎಂದಿದ್ದ. “ಒಂದು ಹೆಣ್ಣು, ಒಂದು ಬಾಗಿಲು, ಸಾಕು. ಜನಕ್ಕೆ ಅಳೋಕೆ ಒಂದು ಬಾಗಿಲು ಸಾಕು.” ಅಲ್ಲೇ ಕುಳಿತಿದ್ದ ಸಂಯೋಜಕಿ, ವಾದ್ಯಗಳನ್ನು ಹೊಂದಿಸುವವಳು, ಸಿಗರೇಟಿಲ್ಲದ ಬೆರಳುಗಳನ್ನು ಸಿಗರೇಟಿರುವಂತೆ ಆಡಿಸುತ್ತ ಕಿವಿಯಣ್ಣನ ಮುಖ ನೋಡಿದ್ದಳು. ಇದು ಪಾಪದ ಕೆಲಸ ಅನ್ನಿಸುವುದಿಲ್ಲವೇ ಎಂಬ ನೋಟ. ಅವನಿಗೆ ಅನ್ನಿಸಿರಲಿಲ್ಲ. ಅಮ್ಮ ಅದೇ ಪದ್ಯವನ್ನು ಮಗು ಹುಟ್ಟಿದ ಮನೆಯಲ್ಲೂ ಹೇಳುತ್ತಿದ್ದಳು, ಹೆಣ ಎತ್ತಿದ ಮನೆಯಲ್ಲೂ ಹೇಳುತ್ತಿದ್ದಳು. ಮಾತು ಬದಲಾಗುತ್ತಿರಲಿಲ್ಲ, ನಿಲ್ಲುವ ಜಾಗ ಬದಲಾಗುತ್ತಿರಲಿಲ್ಲ, ಅಳುವವರು ಮಾತ್ರ ಬೇರೆ. ಉಳಿಸಿಕೊಳ್ಳಬೇಕಾದದ್ದು ಒಂದೇ ಎಂದು ಅವನು ಮೊದಲ ದಿನವೇ ಸಂಯೋಜಕಿಗೆ ಹೇಳಿಬಿಟ್ಟಿದ್ದ: ಆ ಖಾಲಿ ಜಾಗ. ಪಿಟೀಲುಗಳು ಅಲ್ಲಿ ಬಾಯಿ ಹಾಕಬಾರದು. ಅವಳು ಒಪ್ಪಿದ್ದಳು. ಫ್ರೆಂಚ್ ಮಾತಿನ ಭಾರ ಬೀಳುವುದೂ ಸಾಲಿನ ಕೊನೆಗೇ. ತಡವಾಗಿ ಎದ್ದು, ನಡೆದು ಬಂದು, ಮೂರರ ಮೇಲೆ ಕೂರುವ ಸಾಲು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಇಂಥದ್ದನ್ನು ಕಂಡಾಗ ಅವನಿಗೆ ಹೆಮ್ಮೆಯಾಗುತ್ತಿರಲಿಲ್ಲ, ಮನೆಗೆ ಬಂದಂತಾಗುತ್ತಿತ್ತು.

ಈ ಕಸುಬಿನಲ್ಲಿ ಹಾಡಿಗೆ ಮೊದಲು ಬರೆಯುವುದು ಪದವನ್ನಲ್ಲ, ದೆವ್ವವನ್ನು. ಅರ್ಥವಿಲ್ಲದ, ಆದರೆ ಉಸಿರಿಗೆ ಉಸಿರು, ಭಾರಕ್ಕೆ ಭಾರ ಹೊಂದುವ ಮಾತುಗಳ ಸಾಲು. ದರ್ಜಿಯ ಅಂಗಡಿಯಲ್ಲಿ ನಿಲ್ಲಿಸಿರುವ ತಲೆಯಿಲ್ಲದ ಬೊಂಬೆಯ ಹಾಗೆ. ಸೋಪು ಮುಗಿದಿದೆ, ಸೋಮವಾರ ಹಲ್ಲಿನ ಡಾಕ್ಟರು, ಮೆಟ್ಟಿಲಿನ ಬಲ್ಬು ಹೋಗಿ ಎಷ್ಟು ದಿನವಾಯಿತು. ಹೀಗೆ ಬಾಯಿಗೆ ಬಂದದ್ದನ್ನು ರಾಗಕ್ಕೆ ಸರಿಯಾಗಿ ಜೋಡಿಸಿಟ್ಟುಕೊಂಡು, ಆ ಅಳತೆಯ ಮೇಲೆ ನಿಜವಾದ ಪದ ಹೊಲಿಯಬೇಕು. ಹೊಲಿದಾದ ಮೇಲೆ ದೆವ್ವವನ್ನು ಹರಿದುಹಾಕಬೇಕು. ಗಾಯಕರ ಕಣ್ಣಿಗೆ ಅದು ಬೀಳಲೇಬಾರದು. ಬಿದ್ದರೆ ಹಿಡಿದುಕೊಳ್ಳುತ್ತದೆ, ಆಮೇಲೆ ಬಂಗಾರದಂಥ ಸಾಲು ಬರೆದುಕೊಟ್ಟರೂ ಬಾಯಿ ಆ ಸೋಪನ್ನೇ ಹಾಡುತ್ತದೆ. ಇಪ್ಪತ್ತೆಂಟು ವರ್ಷ ಈ ನೇಮ ತಪ್ಪದವನು ನಿನ್ನೆ ತಪ್ಪಿದ್ದ. ತಾಳ ಸರಿನೋಡಲೆಂದು ದೆವ್ವದ ಹಾಳೆಯನ್ನು ಸಂಯೋಜಕಿಯ ಪಿಯಾನೊ ಮೇಲಿಟ್ಟು, ಕೈ ತೊಳೆಯಲು ಹೊರಗೆ ಹೋದ. ಗಾಯಕಿ ಒಂದು ಗಂಟೆ ಮೊದಲೇ ಬಂದುಬಿಟ್ಟಳು. ಇಪ್ಪತ್ತಾರು ವರ್ಷದ, ಹಿಡಿಯಷ್ಟು ಮೈಯ ಹುಡುಗಿ. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಬಂದವಳು ಹಾಳೆ ಎತ್ತಿಕೊಂಡು, ಸೋಪನ್ನೂ ಬಲ್ಬನ್ನೂ ಹ್ಞೂಂ ಹ್ಞೂಂ ಎಂದು ದಾಟಿಸಿ, ಪಲ್ಲವಿಯ ಜಾಗಕ್ಕೆ ಬಂದಾಗ ಬಾಯಿ ತೆರೆದು ಹಾಡಿದಳು.

ನಿನ್ನ ಬೂಟು ಕಾಣುತ್ತಿತ್ತು ಬಾಗಿಲ ಕೆಳಗೆ;
ನಿಂತೇ ಇದ್ದೆ ನೀನು, ಬರಲಿಲ್ಲ ಒಳಗೆ.

ಕಿವಿಯಣ್ಣ ಆಗ ಕಾರಿಡಾರಿನಲ್ಲಿದ್ದ, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ಟುಡಿಯೋದ ದಪ್ಪ ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ಹೋಗಿ, ಅಯ್ಯೋ ಅದು ದೆವ್ವ, ಕೊಡಮ್ಮ ಇಲ್ಲಿ ಎಂದು ಹಾಳೆ ಕಿತ್ತುಕೊಳ್ಳಲು ಮೂರು ಹೆಜ್ಜೆ ಸಾಕಿತ್ತು. ಅವನು ನಿಂತ. ಖಾಲಿ ಜಾಗದಲ್ಲಿ ಅವಳು ಉಸಿರನ್ನೂ ತೆಗೆದುಕೊಳ್ಳಲಿಲ್ಲ. ಸುಮ್ಮನೆ ಕಾದಳು, ಆಮೇಲೆ ‘ನಿನ್ನ ಬೂಟು’ ಎಂದು ಹೊರಟು, ‘ಕೆಳಗೆ’ ಎಂಬಲ್ಲಿ ಕೂತಳು. ಎರಡನೆಯ ಸಲ ಮೊದಲಿನಿಂದ ಹಾಡಿದಾಗ ಸಂಯೋಜಕಿ ರೆಕಾರ್ಡಿಂಗ್ ಗುಂಡಿ ಒತ್ತಿದ್ದಳು. ಮುಗಿದ ಮೇಲೆ ಗುಬ್ಬಿ ಬಾಗಿಲ ಸಂದಿಯಲ್ಲಿ ಅವನನ್ನು ಕಂಡು, ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತ, “ಯಾರು ಕಿವಿಯಣ್ಣಾ ಇವನು? ಒದೀಬೇಕು ಅನ್ಸುತ್ತೆ,” ಎಂದಳು. ಅವನು ತನ್ನ ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅದು ತಾನು ಬರೆದವುಗಳಲ್ಲೆಲ್ಲ ಒಳ್ಳೆಯ ಸಾಲು ಎಂದು ಅವನ ಕಿವಿ ಆ ಕ್ಷಣವೇ ಹೇಳಿತ್ತು, ಮತ್ತು ಅವನ ಕಿವಿ ಸುಳ್ಳು ಹೇಳುವುದಿಲ್ಲ. ಬರೆದದ್ದು ಎಂಬ ಮಾತೊಂದೇ ಸುಳ್ಳಾಗಿತ್ತು.

ಆ ಸಾಲು ಅಕ್ಕನದು. ಹನ್ನೊಂದು ವರ್ಷದ ಹಿಂದೆ, ಅಮ್ಮನ ಮನೆಯ ಮೆಟ್ಟಿಲ ಮೇಲೆ, ಅಮ್ಮನ ಸಾವಿಗೆ ಬಂದವರೆಲ್ಲ ಹೊರಟುಹೋದ ಮೇಲೆ ಅಕ್ಕ ಆಡಿದ ಮಾತು, ಒಂದಕ್ಷರ ಬದಲಾಗದೆ. ಅಮ್ಮನ ಕೊನೆಯ ವಾರದಲ್ಲಿ ಅವಳಿಗೆ ಮಾತು ನಿಂತುಹೋಗಿತ್ತು. ಕಣ್ಣು ಮಾತ್ರ ಕೇಳುತ್ತಿತ್ತು. ಅಕ್ಕ ಹಾಸಿಗೆಯ ಪಕ್ಕ ಕುಳಿತು ಅಮ್ಮನ ಪದ್ಯಗಳನ್ನು ಅಮ್ಮನಿಗೇ ಹೇಳುತ್ತಿದ್ದಳು. ಅಕ್ಕನಿಗೆ ಅವು ಪೂರ್ತಿ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಹಿಂದೆ ಹಿಂದೆ ತಿರುಗಿ ಪದ್ಯ ಕಲಿತವನು ತಮ್ಮ, ಅಕ್ಕ ಆ ಹೊತ್ತಿಗೆ ಅಮ್ಮನ ಅರ್ಧ ಕೆಲಸ ಮಾಡಿ ಮುಗಿಸುತ್ತಿದ್ದಳು. ಒಂದು ಮಧ್ಯಾಹ್ನ ಅವನು ಔಷಧಿಯ ಚೀಟಿ ಹಿಡಿದು ಬಂದಾಗ ಕೋಣೆಯ ಬಾಗಿಲು ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಒಳಗೆ ಅಕ್ಕ ನಾಲ್ಕನೆಯ ಪದ್ಯದ ಮೂರನೆಯ ಸಾಲಿನಲ್ಲಿ ನಿಂತಳು. ಮೊದಲಿನಿಂದ ಹೇಳಿದಳು, ಮತ್ತೆ ಅಲ್ಲೇ ನಿಂತಳು. ಮೂರನೆಯ ಸಲವೂ. ಪದ ಅವನ ನಾಲಿಗೆಯ ತುದಿಯಲ್ಲಿತ್ತು. ಬಾಗಿಲು ತಳ್ಳಿ ಹೇಳಿದ್ದರೆ ಆಗುತ್ತಿತ್ತು, ಹೊರಗಿನಿಂದ ಕೂಗಿದ್ದರೂ ಆಗುತ್ತಿತ್ತು. ಅವನು ನಿಂತ. ಅಕ್ಕ ಕೊನೆಗೆ ಆ ಪದ್ಯವನ್ನು ಬಿಟ್ಟು ಐದನೆಯದಕ್ಕೆ ಹೋದಳು. ಎರಡು ದಿನಕ್ಕೆ ಅಮ್ಮ ಹೋದಳು. ಮೆಟ್ಟಿಲ ಮೇಲೆ ಅಕ್ಕ, ದನಿಯನ್ನು ಏರಿಸದೆ, ಎಲ್ಲೋ ನೋಡುತ್ತ ಹೇಳಿದಳು: ನಿನ್ನ ಬೂಟು ಕಾಣುತ್ತಿತ್ತು ಬಾಗಿಲ ಕೆಳಗೆ. ನಿಂತೇ ಇದ್ದೆ ನೀನು, ಬರಲಿಲ್ಲ ಒಳಗೆ. ಅವನು, “ಬಸ್ಸಿಗೆ ಹೊತ್ತಾಯ್ತು,” ಎಂದ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅಕ್ಕ ಕೆಲಸ ಮಾಡುವುದೇ ಬಸ್ಸಿನ ಡಿಪೋದಲ್ಲಿ, ಬಸ್ಸಿನ ಹೊತ್ತು ಅವಳಿಗೆ ಹೇಳಿಕೊಡಬೇಕೇ? ಅಲ್ಲಿಂದೀಚೆಗೆ ಇಬ್ಬರೂ ಚೆನ್ನಾಗಿಯೇ ಇದ್ದರು. ಭಾನುವಾರ ಫೋನು, ವರ್ಷಕ್ಕೆ ನಾಲ್ಕೈದು ಊಟ, ಮಂಡಿನೋವಿನ ಮಾತು. ದ್ವೀಪದವನ ಹಾಡಿಗೆ ದೆವ್ವ ಬರೆಯುವಾಗ ಪಲ್ಲವಿಯ ಅಳತೆಗೆ ಆ ಮಾತು ತಾನಾಗಿ ಬಂದು ಕೂತಿತು. ಅಳತೆ ಸರಿಹೋಯಿತು, ಅಷ್ಟೇ, ಎಂದುಕೊಂಡು ಮುಂದಕ್ಕೆ ಹೋಗಿದ್ದ. ಆ ಮಾತು ಹನ್ನೊಂದು ವರ್ಷದಿಂದ ತನ್ನೊಳಗೆ ಅದೇ ತಾಳದಲ್ಲಿ ನಡೆಯುತ್ತಿತ್ತು ಎಂಬುದು ಈಗ, ಒಲೆಯ ಮೇಲೆ ನೀರು ಉಕ್ಕಿ ಬೆಂಕಿಯನ್ನು ಅರ್ಧ ನಂದಿಸಿದಾಗ, ಹೊಳೆಯಿತು. ಗೇಟು ತೆಗೆಯದಿದ್ದರೂ ಒಳಗೆ ಬಂದೇ ತೀರುವವನ ಹಾಡಿಗೆ ತಾನು ತಂದು ಕೂರಿಸಿದ್ದು ಚಿಲಕವಿಲ್ಲದ ಬಾಗಿಲ ಹೊರಗೆ ನಿಂತವನನ್ನು.

ಹತ್ತು ಗಂಟೆಗೆ ಮ್ಯಾನೇಜರ ಕೋಣೆಯಲ್ಲಿ ಅವನಿಗೆ ಸಿಕ್ಕಿದ್ದು ಯಾವಾಗಲೂ ಸಿಗುವ ತಗ್ಗು ಕುರ್ಚಿ. ಅದರಲ್ಲಿ ಕೂತರೆ ಮಂಡಿ ಎದೆಗೆ ತಾಗುತ್ತದೆ, ಮೇಜಿನ ಆಚೆಯವನು ಎಂಥವನಾದರೂ ದೊಡ್ಡವನಾಗಿ ಕಾಣುತ್ತಾನೆ. ಗೋಡೆಯ ಮೇಲೆ ಗೆದ್ದ ಹಾಡುಗಳ ಚೌಕಟ್ಟುಗಳಿದ್ದವು. ಅವುಗಳಲ್ಲಿ ಆರಕ್ಕೆ ಮಾತು ಅವನದು, ಒಂದರ ಮೇಲೂ ಅವನ ಹೆಸರು ಕಣ್ಣಿಗೆ ಬೀಳುವ ಅಕ್ಷರದಲ್ಲಿ ಇರಲಿಲ್ಲ. ಮ್ಯಾನೇಜರು ಹಾಡನ್ನು ಎರಡು ಸಲ ಹಾಕಿಸಿ ಕೇಳಿದ. “ನೋಡ್ರೀ, ನಾನು ಹೇಳಲಿಲ್ವಾ, ಒಂದು ಬಾಗಿಲು ಸಾಕು ಅಂತ,” ಎಂದ, ಬಾಗಿಲನ್ನು ತಾನೇ ಕೆತ್ತಿದವನಂತೆ. ಆಮೇಲೆ ಒಂದು ಹಾಳೆಯನ್ನು ಮೇಜಿನ ಮೇಲೆ ಜಾರಿಸಿದ. ಪ್ರತಿ ಹಾಡಿಗೂ ಇರುವ ಹಾಳೆ, ಕಣ್ಣುಮುಚ್ಚಿ ಇನ್ನೂರು ಸಲ ಸಹಿ ಹಾಕಿದ್ದು: ಈ ಮಾತುಗಳು ನನ್ನ ಸ್ವಂತ ರಚನೆ, ಬೇರೆ ಯಾರದೂ ಅಲ್ಲ. ಕಿವಿಯಣ್ಣ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

“ಒಬ್ಬರನ್ನ ಕೇಳಬೇಕು.”

“ಯಾರನ್ನ? ಬರೆದವರು ನೀವು ತಾನೆ?”

“ಬರೆದವನು ನಾನು. ಆಡಿದವರು ಬೇರೆ.”

ಗುಬ್ಬಿ ಕಿಟಕಿಯ ಹತ್ತಿರ ಮೊಣಕಾಲು ಮಡಿಸಿ ಕೂತಿದ್ದಳು. “ಕಿವಿಯಣ್ಣಾ, ಇದನ್ನ ಮಾತ್ರ ತೆಗೀಬೇಡಿ,” ಎಂದಳು. “ಬೇರೆ ಏನು ಬೇಕಾದ್ರೂ ಹಾಡ್ತೀನಿ. ಸೋಪನ್ನೂ ಹಾಡ್ತೀನಿ.”

ಅವನು ಜೇಬಿನಿಂದ ಬದಲಿ ಪಲ್ಲವಿಯಿದ್ದ ಇನ್ನೊಂದು ಹಾಳೆ ತೆಗೆದ. ರಾತ್ರಿ ಬಂದು ಹೋಗುವ ಹಡಗಿನ ದೀಪವನ್ನು ಕಿಟಕಿಯಿಂದ ನೋಡುವ ಹೆಣ್ಣು. ಅಳತೆ ಸರಿ, ಪ್ರಾಸ ಸರಿ, ಭಾರ ಮೂರರ ಮೇಲೆ. ಸಂಯೋಜಕಿ ಅದನ್ನು ನಿಂತೇ ಓದಿದಳು. “ಚೆನ್ನಾಗಿದೆ,” ಎಂದಳು. ಹಾಳೆಯನ್ನು ಮಡಿಸಿ, “ಚೆನ್ನಾಗಿದೆ ಅಷ್ಟೇ,” ಎಂದಳು. ಮ್ಯಾನೇಜರು ಗಡಿಯಾರ ನೋಡಿಕೊಂಡ. ನಾಲ್ಕು ಗಂಟೆಗೆ ಗುಬ್ಬಿಯ ಪೂರ್ತಿ ರೆಕಾರ್ಡಿಂಗ್, ಅಷ್ಟರೊಳಗೆ ಸಹಿ ಇರಬೇಕು. ಸಹಿಯಿಲ್ಲದಿದ್ದರೆ ಬೂಟಿನ ಸಾಲಿನ ಬದಲು ಹಡಗಾದರೂ ಸರಿ, ದೋಣಿಯಾದರೂ ಸರಿ. “ನಾಲ್ಕರೊಳಗೆ ಬರ್ತೀನಿ,” ಎಂದ ಕಿವಿಯಣ್ಣ. ತಗ್ಗು ಕುರ್ಚಿಯಿಂದ ಏಳಲು ಎರಡು ಸಲ ಪ್ರಯತ್ನಿಸಬೇಕಾಯಿತು. ಆದರೂ ಕೋಣೆಯಿಂದ ಹೊರಬಿದ್ದಾಗ ಅವನ ಹೆಜ್ಜೆ ಗಟ್ಟಿಯಾಗಿತ್ತು. ಅಕ್ಕ ಒಪ್ಪುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಕೇಳಿದರೆ ಸಾಕು, ಅಷ್ಟು ಚೆನ್ನಾಗಿದೆ. ಚೆನ್ನಾಗಿರುವುದು ತನ್ನ ದಾರಿ ತಾನು ಮಾಡಿಕೊಳ್ಳುತ್ತದೆ ಎಂದು ಅವನು ಬಾಳೆಲ್ಲ ನಂಬಿಕೊಂಡು ಬಂದಿದ್ದ. ಅಮ್ಮನ ಪದ್ಯಗಳು ಪುಸ್ತಕವಿಲ್ಲದೆ ಅಷ್ಟು ಬಾಯಿಗಳನ್ನು ದಾಟಿ ಬಂದದ್ದು ಇನ್ನು ಹೇಗೆ? ಬಸ್ಸಿನಲ್ಲಿ ಕೂತು ಅಕ್ಕನಿಗೆ ಹೇಳಬೇಕಾದದ್ದನ್ನು ಜೋಡಿಸಿದ. ಅವತ್ತು ಹೆದರಿಕೆಯಾಗಿತ್ತು ಅಕ್ಕ. ಅಮ್ಮನನ್ನು ಆ ಸ್ಥಿತಿಯಲ್ಲಿ ನೋಡಲಾಗಲಿಲ್ಲ ಅಕ್ಕ. ನಿನಗೆ ಬರದ ಪದವನ್ನು ನಾನು ಹೇಳಿದರೆ ನಿನಗೆ ಅವಮಾನವಾದೀತು ಅನ್ನಿಸಿತು ಅಕ್ಕ. ಹೆಬ್ಬೆರಳು ಗೆಣ್ಣುಗಳ ಮೇಲೆ ಓಡುತ್ತಿತ್ತು. ಮೂರೂ ಅಳತೆಗೆ ಸರಿಯಾಗಿ ಕೂತವು. ಎದುರಿನ ಸೀಟಿನ ಹೊಲಿಗೆ ಹೊಸದಾಗಿತ್ತು, ಸಣ್ಣ ಸಣ್ಣ ಒತ್ತು ಹೊಲಿಗೆ. ಡಿಪೋದಲ್ಲಿ ಸೀಟು ಹೊಲಿಯುವ ಅಕ್ಕನದೇ ಇರಬೇಕು.

ಡಿಪೋದ ಶೆಡ್ಡಿನಲ್ಲಿ ಕಳಚಿದ ಸೀಟುಗಳು ಗೋಡೆಯುದ್ದಕ್ಕೂ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಬ್ರೇಕು ಬಿಚ್ಚುತ್ತಿದ್ದ ಮೆಕ್ಯಾನಿಕ್ ಅವನನ್ನು ಗುರುತು ಹಿಡಿದು, “ಹಾಡಿನವರೇ, ನಮ್ಮ ಈ ಬ್ರೇಕಿಗೂ ಎರಡು ಪದ ಬರೆದುಕೊಡಿ, ರಾಗ ಆಗಲೇ ತೆಗೀತಿದೆ,” ಎಂದ. ಶೆಡ್ಡಿನ ಕೊನೆಯಲ್ಲಿ ಅಕ್ಕ ಮೊಣಕಾಲ ಮೇಲೆ ಒಂದು ಸೀಟು ಕವುಚಿ ಹಾಕಿಕೊಂಡು ಬಾಗಿದ ಸೂಜಿಯಿಂದ ಹೊಲಿಯುತ್ತಿದ್ದಳು. ಅರವತ್ತಮೂರು ವರ್ಷ, ನಿವೃತ್ತಿಗೆ ಇನ್ನೊಂದೇ ವರ್ಷ, ಕನ್ನಡಕದ ಒಂದು ಕಡ್ಡಿಗೆ ಸೀಟಿನದೇ ನೀಲಿ ದಾರ ಸುತ್ತಿತ್ತು.

“ಏನೋ, ಯಾರು ಹೋದ್ರು?”

“ಯಾರೂ ಹೋಗಲಿಲ್ಲ ಅಕ್ಕ.”

“ಮತ್ತೆ ನಡು ಮಧ್ಯಾಹ್ನ ಬಂದಿದ್ದೀಯ. ಕೂತ್ಕೋ. ಅದರ ಮೇಲೆ ಬೇಡ, ಅದಕ್ಕೆ ಹೊಟ್ಟೆ ಇಲ್ಲ ಇನ್ನೂ. ಇದರ ಮೇಲೆ.”

ಅವನು ಫೋನು ತೆಗೆದು, ಇಯರ್‌ಫೋನಿನ ತುದಿಗಳನ್ನು ಅವಳ ಕೈಗಿಟ್ಟ. ಅವಳು ಅವನ್ನು ಏಪ್ರನ್ನಿಗೆ ಒರೆಸಿ, ಎರಡೂ ಕಿವಿಗೆ ಹಾಕಿಕೊಂಡಳು. ಹಾಡು ಅವನಿಗೆ ಕೇಳಿಸುತ್ತಿರಲಿಲ್ಲ. ಅಕ್ಕನ ಕೈಯನ್ನು ನೋಡಿ ಹಾಡು ಎಲ್ಲಿಗೆ ಬಂದಿದೆ ಎಂದು ಅವನು ಹೇಳಬಲ್ಲವನಾಗಿದ್ದ. ಸೂಜಿ ಹಾಡಿನ ಜೊತೆ ನಡೆಯುತ್ತಿತ್ತು, ಖಾಲಿ ಜಾಗದಲ್ಲಿ ಮೇಲೆದ್ದು ನಿಲ್ಲುತ್ತಿತ್ತು, ಆಮೇಲೆ ಬಟ್ಟೆಯೊಳಗೆ ಇಳಿಯುತ್ತಿತ್ತು. ಯಾರೂ ಹೇಳಿಕೊಡದೆ. ಈ ಅಕ್ಕನಿಗೆ ಪದ್ಯ ಕಲಿಯಲು ಬಿಡುವಿರಲಿಲ್ಲವಲ್ಲ ಎಂಬುದು ಅವನಿಗೆ ಮೊದಲ ಬಾರಿಗೆ ಒಂದು ನಷ್ಟವಾಗಿ ಕಂಡಿತು, ಅವಳ ನಷ್ಟವಾಗಿ ಅಲ್ಲ, ಪದ್ಯಗಳ ನಷ್ಟವಾಗಿ. ಹಾಗೆ ಯೋಚಿಸುತ್ತಿದ್ದಂತೆ ಸೂಜಿ ನಿಂತುಹೋಯಿತು. ಇಳಿಯಲಿಲ್ಲ. ಪಲ್ಲವಿ ಬಂದಿತ್ತು. ಹಾಡು ಮುಗಿಯುವವರೆಗೂ ಸೂಜಿ ಗಾಳಿಯಲ್ಲೇ ಇತ್ತು.

“ಇನ್ನೊಂದ್ಸಲ ಹಾಕು.”

ಹಾಕಿದ. ಅವಳು ಕಣ್ಣು ಮುಚ್ಚಲಿಲ್ಲ, ಎದುರಿನ ಬಸ್ಸಿನ ಚಕ್ರವನ್ನು ನೋಡುತ್ತ ಕೇಳಿದಳು. ಮುಗಿದ ಮೇಲೆ ಇಯರ್‌ಫೋನಿನ ವೈರನ್ನು ನಾಲ್ಕು ಬೆರಳಿಗೆ ಸುತ್ತಿ, ಗಂಟು ಹಾಕಿ ಕೊಟ್ಟಳು.

“ಹುಡುಗಿ ಚೆನ್ನಾಗಿ ಹಾಡ್ತಾಳೆ. ಹೊಟ್ಟೆ ತುಂಬ ಊಟ ಮಾಡ್ತಾಳೋ ಇಲ್ವೋ?”

“ಮಾಡ್ತಾಳೆ.”

“ಇದು ನನ್ನ ಮಾತು.”

“ಹೌದು.”

“ಮೆಟ್ಟಿಲ ಮೇಲೆ ಆಡಿದ್ದು.”

“ಹೌದು ಅಕ್ಕ. ಅದಕ್ಕೇ ಕೇಳೋಕೆ ಬಂದೆ. ನಾನು ಮಾಡಿದ್ದರಲ್ಲೆಲ್ಲ ಇದೇ ಒಳ್ಳೇದು. ಇದನ್ನ ಹಾಡಲ್ಲಿ ಇಡ್ತೀನಿ. ನೀನು ಹ್ಞೂಂ ಅಂದ್ರೆ ನಿನ್ನ ಹೆಸರೂ ಹಾಕಿಸ್ತೀನಿ.”

“ನನ್ನ ಹೆಸರು ಯಾಕೆ? ಇಷ್ಟು ಸೀಟು ಹೊಲಿದಿದ್ದೀನಿ, ನನ್ನ ಹೆಸರಿಲ್ಲ ಅಂತ ಯಾರಾದ್ರೂ ನಿಂತ್ಕೊಂಡು ಹೋಗಿದ್ದಾರಾ?” ಎಂದಳು ಅಕ್ಕ. ಅವಳು ನಗುತ್ತಿರಲಿಲ್ಲ. “ನೋಡು. ಅವತ್ತು ನಂಗೆ ಕೋಪ ಇತ್ತು. ಈಗಲೂ ಇದೆ, ಸ್ವಲ್ಪ ಹಳೇದಾಗಿದೆ, ಅಷ್ಟೇ. ನಿನ್ನ ಬೂಟು ಕಾಣ್ತಿತ್ತು ಅಂತ ನಾನು ಹೇಳಿದ್ದು ಹಾಡಲಿ ಅಂತ ಅಲ್ಲ. ಅದು ಪ್ರಶ್ನೆ ಕಣೋ. ಯಾಕೆ ನಿಂತಿದ್ದೆ ಅಂತ. ಹನ್ನೊಂದು ವರ್ಷ ಆಯ್ತು. ಭಾನುವಾರ ಭಾನುವಾರ ಫೋನ್ ಬಂದಾಗೆಲ್ಲ ಇವತ್ತು ಹೇಳ್ತಾನೇನೋ ಅಂದ್ಕೋತೀನಿ. ನೀನು ನನ್ನ ಮಂಡಿ ಹೇಗಿದೆ ಅಂತ ಕೇಳಿ ಇಡ್ತೀಯ. ಇವತ್ತು ಬಂದಿದ್ದೀಯ, ಉತ್ತರ ತಂದಿಲ್ಲ. ನನ್ನ ಪ್ರಶ್ನೇನ ಪಿಟೀಲಿಗೆ ಹಾಕಿ ನನಗೇ ವಾಪಸ್ ತಂದಿದ್ದೀಯ.”

ಬಸ್ಸಿನಲ್ಲಿ ಜೋಡಿಸಿದ್ದ ಮೂರು ಮಾತುಗಳು ಅವನ ಬಾಯಿಯವರೆಗೆ ಬಂದವು. ಹೆದರಿಕೆ. ನೋಡಲಾಗಲಿಲ್ಲ. ನಿನಗೆ ಅವಮಾನ. ಬಾಯಿಯಲ್ಲಿಟ್ಟುಕೊಂಡು ನೋಡಿದ. ಮೂರೂ ದೆವ್ವಗಳೇ, ಅಳತೆಗೆ ಸರಿ, ಒಳಗೆ ಏನೂ ಇಲ್ಲ. ಇವಳ ಮುಂದೆ ಅವನ್ನು ಆಡಿದರೆ ಇವಳಿಗೆ ಗೊತ್ತಾಗುತ್ತದೆ, ಬಾಗಿಲ ಕೆಳಗಿನ ಎರಡು ಬೆರಳಗಲದ ಸಂದಿಯಲ್ಲಿ ಬೂಟು ನೋಡಿ ಯಾರು, ಏನು, ಎಷ್ಟು ಹೊತ್ತು ಎಂದು ತಿಳಿದುಕೊಂಡವಳಿಗೆ. ಮೆಕ್ಯಾನಿಕ್ ಸುತ್ತಿಗೆಯಿಂದ ಏನನ್ನೋ ಬಡಿಯುತ್ತಿದ್ದವನು ನಿಲ್ಲಿಸಿದ. ಶೆಡ್ಡಿನಲ್ಲಿ ಎಣ್ಣೆಯ, ಹೊಸ ರೆಕ್ಸಿನ್ನಿನ ವಾಸನೆ ಇತ್ತು.

“ಚೆನ್ನಾಗಿತ್ತು ಅಕ್ಕ,” ಎಂದ.

“ಏನು?”

“ನೀನು ನಿಂತದ್ದು. ಪದ್ಯದ ನಡುವೆ. ಅಮ್ಮ ನಿಲ್ತಿದ್ದ ಜಾಗ ಅಲ್ಲ ಅದು, ಯಾರೂ ನಿಲ್ಲದ ಜಾಗ. ನೀನು ಮತ್ತೆ ಮೊದಲಿಂದ ಹೇಳ್ಕೊಂಡು ಬಂದು ಅಲ್ಲೇ ನಿಲ್ತಿದ್ದೆ. ಅಂಥದ್ದು ನಾನು ಯಾವತ್ತೂ ಕೇಳಿರಲಿಲ್ಲ. ಪದ ನಂಗೆ ಗೊತ್ತಿತ್ತು. ಒಳಗೆ ಬಂದು ಹೇಳಿದ್ರೆ ಅದು ಮುಗಿದುಹೋಗ್ತಿತ್ತು. ಇನ್ನೊಂದ್ಸಲ ಕೇಳೋಣ ಅಂತ ನಿಂತೆ. ಆಮೇಲೆ ಇನ್ನೊಂದ್ಸಲ. ನೀನೂ ಅಮ್ಮನೂ ಒಳಗೆ ಒದ್ದಾಡ್ತಿದ್ರಿ. ನಾನು ಕೇಳಿಸ್ಕೋತಾ ನಿಂತಿದ್ದೆ. ಅಷ್ಟೇ.”

ಆಡಿದ ಮೇಲೆ ಅವನಿಗೆ ತಿಳಿಯಿತು, ಇದನ್ನು ತಾನು ತನಗೂ ಹೇಳಿಕೊಂಡಿರಲಿಲ್ಲ. ದೇವರ ಮುಂದೆ ತಲೆಬಾಗಿ ಕೂತ ದಿನಗಳಲ್ಲಿ ಅಮ್ಮನಿಗೆ ಒಂದು ಪದ ಕೊಡದೆ ಹೋದೆ ಎಂದು ಬೇಡಿಕೊಂಡದ್ದುಂಟು. ಯಾಕೆ ಕೊಡಲಿಲ್ಲ ಎಂಬಲ್ಲಿಗೆ ಬಂದಾಗ ಯತಿ ಹಾಕಿ ಮುಂದೆ ಹೋಗುತ್ತಿದ್ದ. ಈಗ ಮುಖ ಬಿಸಿಯಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಅಕ್ಕ ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಅವನು ಶಾಲೆಯಿಂದ ಬಂದಾಗ ಎಲ್ಲಿ ಬಿದ್ದು ಬಂದ, ಏನು ಹರಿದುಕೊಂಡು ಬಂದ ಎಂದು ಮೇಲಿಂದ ಕೆಳಗೆ ನೋಡುತ್ತಿದ್ದ ಹಾಗೆ.

“ನೀನು ಹೆದರ್ಕೊಂಡಿದ್ದೆ ಅಂತ ಅಂದ್ಕೊಂಡಿದ್ದೆ,” ಎಂದಳು. “ಹೆದರ್ಕೊಂಡ, ಪಾಪ, ಅಂತ ಎಷ್ಟೋ ಸಲ ಹೊಟ್ಟೆಗೆ ಹಾಕ್ಕೊಳ್ಳೋಕೆ ನೋಡಿದೆ. ಇದು ಅದಕ್ಕಿಂತ ಕೆಟ್ಟದ್ದು.”

“ಹೌದು.”

“ಸುಳ್ಳಲ್ಲ ಆದ್ರೆ.”

“ಅಲ್ಲ.”

“ಅಮ್ಮನಿಗೆ ಹೇಳಿದ್ರೆ ಮೊಟಕ್ತಿದ್ಲು.”

“ಒದ್ದೆ ಕೈಯಲ್ಲಿ.”

ಅಕ್ಕನ ತುಟಿಯ ಒಂದು ಕೊನೆ ಅಲುಗಿತು. ಅವಳು ಬಾಗಿ, ಕಾಲ ಬಳಿಯಿದ್ದ ಫ್ಲಾಸ್ಕಿನಿಂದ ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಅರ್ಧ ತಾನು ಕುಡಿದು, ಉಳಿದರ್ಧವನ್ನು ಅವನಿಗೆ ಕೊಟ್ಟಳು. ಅವನು ಕುಡಿದ. ಸಕ್ಕರೆ ಜಾಸ್ತಿಯಾಗಿತ್ತು, ಯಾವಾಗಲೂ ಜಾಸ್ತಿಯೇ. ಮೆಕ್ಯಾನಿಕ್ ಮತ್ತೆ ಬಡಿಯತೊಡಗಿದ. ಗೋಡೆಯ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ಈಗ ಹೊರಟರೆ ಮೂರೂ ನಲವತ್ತಕ್ಕೆ ಸ್ಟುಡಿಯೋ, ಗುಬ್ಬಿ ಗಂಟಲು ಬಿಸಿ ಮಾಡಿಕೊಳ್ಳುತ್ತಿರುತ್ತಾಳೆ, ಸಂಯೋಜಕಿ ಪಿಟೀಲಿನವರನ್ನು ಸುಮ್ಮನಿರಿಸಿರುತ್ತಾಳೆ, ಮೇಜಿನ ಮೇಲೆ ಆ ಹಾಳೆ ಇರುತ್ತದೆ. ಹನ್ನೊಂದು ವರ್ಷದ ಉತ್ತರವನ್ನು ಕೊಟ್ಟಾಗಿತ್ತು. ಹಗುರವೆನಿಸಿತು. ಹಗುರವಾದ ಕೂಡಲೇ ಒಳಗಿನ ಕಸುಬುದಾರ ಎದ್ದು ಕೂತ, ಅವನಿಗೆ ನಾಚಿಕೆಯಾಗುವುದಕ್ಕೂ ಮೊದಲೇ. ಆ ಸಾಲು ಅಷ್ಟು ಚೆನ್ನಾಗಿತ್ತು.

“ಹಾಗಾದ್ರೆ ಅಕ್ಕ,” ಎಂದ, ಮುಚ್ಚಳವನ್ನು ಫ್ಲಾಸ್ಕಿಗೆ ತಿರುಗಿಸಿ ಹಾಕುತ್ತ. “ಉತ್ತರ ಹೇಳಿದೆನಲ್ಲ. ಆ ಸಾಲು ಈಗ ನಂಗೆ ಬಿಟ್ಟುಕೊಡ್ತೀಯಾ?”

ಅಕ್ಕ ದಾರವನ್ನು ಎಳೆದು ಬಿಗಿಮಾಡಿ, ಗಂಟು ಹಾಕಿ, ಹಲ್ಲಿನಿಂದ ಕಡಿದಳು. ಸೀಟನ್ನು ಮಗ್ಗುಲಾಗಿಸಿ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದಳು. ಅವನ ಮುಖವನ್ನು ನೇರವಾಗಿ ನೋಡಿದಳು.

“ಇಲ್ಲ,” ಎಂದಳು. “ಕೊಡಲ್ಲ.”